ರೋಗಾಣುಗಳ ನಾಮವಿಚಾರ

ಕಾವ್ಯದಲ್ಲಿ ಪದವು ಸಡಿಲವಾದರೆ ರಸಕ್ಕೆ ಹಾನಿ. ವೈದ್ಯಗ್ರಂಥದಲ್ಲಿ ಸಡಿಲವಾದರೆ ರೋಗಿಗೆ ಹಾನಿ. ಸೂಕ್ಷ್ಮಜೀವಿಶಾಸ್ತ್ರದ ಪ್ರವೇಶಪಾಠಗಳಲ್ಲಿ ಬರುವ ಎರಡು ಮುಖ್ಯ ವರ್ಗಗಳಿಗೆ ಕನ್ನಡದಲ್ಲಿ ನಡೆದಿರುವ ನಾಮಕರಣವನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಬ್ಯಾಕ್ಟೀರಿಯಕ್ಕೆ ‘ಏಕಾಣುಜೀವಿ’ ಎಂದೂ ವೈರಸ್ಸಿಗೆ ‘ವಿಷಕಣ’, ‘ವೈರಾಣು’ ಎಂದೂ ನಮ್ಮವರು ಬರೆದಿದ್ದಾರೆ. ಎರಡನ್ನೂ ‘ರೋಗಾಣು’ ಎಂದು ಮುಗಿಸುವುದೂ ಉಂಟು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯಲ್ಲಿ ಇವುಗಳ ಜೊತೆಗೆ ಮರಾಠಿಯ ‘ಜಿವಾಣು’, ‘ವಿಷಾಣು’ಗಳೂ ವಿದ್ಯಾರ್ಥಿಯ ಕಿವಿಗೆ ಬೀಳುತ್ತವೆ. ಆದಕಾರಣ ಈ ತಾರತಮ್ಯವಿಚಾರವು ಅಲ್ಲಿನ ಉಪಾಧ್ಯಾಯರಿಗೆ ಕೇವಲ ಪಾಂಡಿತ್ಯದ ವಿಷಯವಲ್ಲ.

‘ವಿಷಾಣು’, ‘ವಿಷಕಣ’ಗಳು ಮೂಲನಿಷ್ಠವಾದ ಪದಗಳು. ‘ವೈರಸ್’ ಎಂದರೆ ಲ್ಯಾಟಿನಿನಲ್ಲಿ ವಿಷವೇ. 1892ರಲ್ಲಿ ಇವನೊವ್‌ಸ್ಕಿ ಎಂಬ ರಷ್ಯದ ಪಂಡಿತನು ರೋಗ ತಗುಲಿದ ತಂಬಾಕಿನ ರಸವನ್ನು ಬ್ಯಾಕ್ಟೀರಿಯ ದಾಟಲಾರದ ಪಿಂಗಾಣಿಯ ಶೋಧಕದಲ್ಲಿ ಸೋಸಿದರೂ ರಸದ ರೋಗಕಾರಕತ್ವ ಅಳಿಯಲಿಲ್ಲ. 1898ರಲ್ಲಿ ಬೈಯರಿಂಕನು ಆ ಕಾರಣವಸ್ತುವನ್ನು ವೈರಸ್ ಎಂದನು. ತಂಬಾಕಿಗೆ ಹೆಸರಾದ ನಿಪ್ಪಾಣಿಯಲ್ಲಿ ಈ ಪಾಠವನ್ನು ಪರಿಚಿತವಾದ ಎಲೆಯಿಂದಲೇ ಆರಂಭಿಸಬಹುದು. ಆದರೆ ಪದವು ಮೂಲಕ್ಕೆ ನಿಷ್ಠವಾದ ಮಾತ್ರಕ್ಕೆ ವಸ್ತುವಿಗೂ ನಿಷ್ಠವಾಗುವುದಿಲ್ಲ. ಧನುರ್ವಾಯು, ಗಂಟಲಮಾರಿಗಳಲ್ಲಿ ನಿಜವಾದ ವಿಷವನ್ನು ಸ್ರವಿಸುವುದು ಬ್ಯಾಕ್ಟೀರಿಯ; ವೈರಸ್ಸಾದರೋ ಜೀವಕೋಶವನ್ನು ಹೊಕ್ಕು, ಅದರಿಂದಲೇ ತನ್ನ ಪ್ರತಿಗಳನ್ನು ಮಾಡಿಸುತ್ತದೆ. ಹೀಗಿರಲು ‘ವಿಷಾಣು’ವಿನ ಅವಯವಾರ್ಥವು ಎದುರಿನ ವರ್ಗಕ್ಕೇ ಹೆಚ್ಚು ಒಪ್ಪುತ್ತದೆ.

‘ಏಕಾಣುಜೀವಿ’ಯ ದೋಷ ಇನ್ನೂ ದೊಡ್ಡದು. ನಮ್ಮ ರಸಾಯನಪಾಠಗಳಲ್ಲಿ ‘ಅಣು’ ಎಂದರೆ ಪರಮಾಣುಗಳ ಕೂಟ. ಒಂದು ಬ್ಯಾಕ್ಟೀರಿಯದಲ್ಲಿ ಅಂಥ ಅಣುಗಳು ಕೋಟಿಗಟ್ಟಲೆ. ಅದು ಏಕಕೋಶವೇ ಹೊರತು ಏಕಾಣುವಲ್ಲ. ‘ರೋಗಾಣು’ವಂತೂ ಭೇದವನ್ನೇ ನುಂಗಿಬಿಡುತ್ತದೆ, ಮೇಲಾಗಿ ಹಾಲನ್ನು ಮೊಸರಾಗಿಸುವ ಉಪಕಾರಿಗೂ ರೋಗದ ಕಳಂಕವನ್ನು ಹಚ್ಚುತ್ತದೆ.

ಈ ಭೇದವು ಅಳಿದರೆ ಆಗುವ ಅನರ್ಥವೇನು? ಪೆನಿಸಿಲಿನ್ ಬ್ಯಾಕ್ಟೀರಿಯದ ಕೋಶಭಿತ್ತಿಯ ನಿರ್ಮಾಣವನ್ನು ತಡೆಯುತ್ತದೆ. ವೈರಸ್ಸಿಗೆ ಅಂಥ ಭಿತ್ತಿಯೇ ಇಲ್ಲ. ಎರಡೂ ರೋಗಾಣುವೇ ಎಂದು ಕಲಿತವನು ಸಾಮಾನ್ಯ ನೆಗಡಿಗೂ ಅದೇ ಬಗೆಯ ಔಷಧವನ್ನು ಬೇಡುತ್ತಾನೆ. ನೆಗಡಿಗೆ ಗುಣವಿಲ್ಲ, ಆದರೆ ದೇಹದಲ್ಲಿರುವ ಬ್ಯಾಕ್ಟೀರಿಯಗಳಲ್ಲಿ ಔಷಧಕ್ಕೆ ಮಣಿಯದವು ಉಳಿದು ಬೆಳೆಯುತ್ತವೆ. ಪದದ ಅಸ್ಪಷ್ಟತೆಯೊಂದೇ ಇದಕ್ಕೆ ಕಾರಣವೆಂದು ಹೇಳಲಾಗದು. ಆದರೆ ಅದು ಈ ತಪ್ಪಿಗೆ ದಾರಿಯನ್ನಂತೂ ಮಾಡಿಕೊಡುತ್ತದೆ.

ನಮ್ಮ ಶಾಸ್ತ್ರಕಾರರು ಯೋಗ, ರೂಢಿ, ಯೋಗರೂಢಿ ಎಂದು ಪದಶಕ್ತಿಯನ್ನು ವಿಂಗಡಿಸಿದ್ದಾರೆ. ಬಿಡಿಸಿದರೆ ತಪ್ಪರ್ಥವನ್ನು ಕೊಡುವ ಯೌಗಿಕಪದಕ್ಕಿಂತ ಬಿಡಿಸಲು ಬಾರದ ರೂಢಪದವೇ ಶಾಸ್ತ್ರಕ್ಕೆ ಮೇಲು. ‘ಬ್ಯಾಕ್ಟೀರಿಯ’ ಎಂಬುದು ಗ್ರೀಕಿನಲ್ಲಿ ಕೋಲನ್ನು ಹೇಳುವ ಮಾತು. ದುಂಡಗಿನ ಬ್ಯಾಕ್ಟೀರಿಯಗಳಿಗೆ ಅದು ಒಪ್ಪದು. ಆದರೆ ಕನ್ನಡದ ಬಾಲಕನಿಗೆ ಆ ಮೂಲಾರ್ಥ ಕೇಳಿಸದಿರುವುದರಿಂದ ಬಾಧಕವಿಲ್ಲ. ‘ರೈಲು’, ‘ಪೋಲೀಸು’ಗಳಂತೆ ‘ಬ್ಯಾಕ್ಟೀರಿಯ’, ‘ವೈರಸ್ಸು’ಗಳೂ ನಮ್ಮವಾಗಲಿ. ‘ವೈರಾಣು’ವಿನಲ್ಲಿ ‘ಅಣು’ವಿನ ದೋಷ ಉಳಿದಿದ್ದರೂ, ಮೂಲದ ಧ್ವನಿಯನ್ನು ಹಿಡಿದು ಪತ್ರಿಕೆಗಳಲ್ಲಿ ರೂಢವಾಗಿರುವುದರಿಂದ ಅದು ವೈರಸ್ಸಿನ ಪರ್ಯಾಯವಾಗಿ ನಿಲ್ಲಬಹುದು. ‘ರೋಗಾಣು’ವು ರೋಗವನ್ನು ತರುವ ಸೂಕ್ಷ್ಮಕಾರಣಗಳಿಗೆಲ್ಲ ಸಾಮಾನ್ಯನಾಮವಾಗಿರಲಿ, ಇವೆರಡರಲ್ಲಿ ಯಾವುದಕ್ಕೂ ವಿಶೇಷನಾಮವಾಗದಿರಲಿ.