ಒಡಕಿನಿಂದ ಒಡಮೂಡಿದ ಶಿಲ್ಪ: ನೇಕ್‌ಚಂದರ ಎರಡನೆಯ ವೃತ್ತಿ

ಕಲಾವಿದರ ಜೀವನಚರಿತ್ರೆಗಳಲ್ಲಿ ಮತ್ತೆ ಮತ್ತೆ ಎದುರಾಗುವ ಒಂದು ಕಥಾಸೂತ್ರವುಂಟು. ನೀರಸವಾದ ಉದ್ಯೋಗವೊಂದರಲ್ಲಿ ತೊಡಗಿದ್ದ ವ್ಯಕ್ತಿಗೆ ಒಂದು ದಿನ ಪ್ರೇರಣೆಯಾಗುತ್ತದೆ. ಆತ ಹಳೆಯ ಬದುಕನ್ನು ಕೊಡವಿ ಎಸೆದು ಕಲೆಯ ಕಡೆಗೆ ನಡೆದುಬಿಡುತ್ತಾನೆ. ಷೇರು ವ್ಯಾಪಾರದಿಂದ ಚಿತ್ರಕಲೆಗೆ ಬಂದ ಗೊಗ್ಯಾನನ ಕಥೆ ಇದಕ್ಕೆ ಪ್ರಸಿದ್ಧವಾದ ನಿದರ್ಶನ. ಈ ಸೂತ್ರದಲ್ಲಿ ಮೊದಲ ವೃತ್ತಿ ಸೆರೆಮನೆ, ಎರಡನೆಯದು ಬಿಡುಗಡೆ. ಚಂಡೀಗಢದ ಶಿಲ್ಪಿ ನೇಕ್‌ಚಂದ್ ಸೈನಿ ಅವರ ಜೀವನವನ್ನೂ ಇದೇ ಎರಕದಲ್ಲಿ ಹೊಯ್ದು ಹೇಳುವುದು ವಾಡಿಕೆಯಾಗಿದೆ. ಸರಕಾರದ ಸಾಮಾನ್ಯ ನೌಕರ ಪದ್ಮಶ್ರೀ ಪಡೆದ ಕಲಾವಿದನಾದ ಎಂಬ ಸಂಗತಿ ಕೇಳಲು ಹಿತವಾದುದು. ಆದರೆ ಈ ಕಥೆಯ ಬೆಡಗಿನಲ್ಲಿ ಕೃತಿಯೇ ಮರೆಯಾಗುವ ಅಪಾಯವಿದೆ. ನೇಕ್‌ಚಂದರ ಎರಡನೆಯ ವೃತ್ತಿ ಮೊದಲನೆಯದನ್ನು ತೊರೆದು ಹುಟ್ಟಿದುದಲ್ಲ. ಮೊದಲನೆಯದು ತೊರೆದುದನ್ನು ಆಯ್ದುಕೊಂಡು ಹುಟ್ಟಿದುದು. ಅವರ ಶಿಲ್ಪದ ಗುಣವನ್ನೂ ಮಿತಿಯನ್ನೂ ಅರಿಯಲು ಈ ಭೇದವೇ ಕೀಲಿಕೈ.

ನೇಕ್‌ಚಂದ್ ಹುಟ್ಟಿದ್ದು 1924ರ ಡಿಸೆಂಬರಿನಲ್ಲಿ, ಇಂದು ಪಾಕಿಸ್ತಾನಕ್ಕೆ ಸೇರಿರುವ ಶಕರ್‌ಗಢ ಪ್ರದೇಶದ ಬರಿಯಾಂ ಕಲಾಂ ಎಂಬ ಹಳ್ಳಿಯಲ್ಲಿ, ಒಕ್ಕಲುತನದ ಮನೆತನದಲ್ಲಿ. ಬಾಲ್ಯದಲ್ಲಿ ತಾಯಿ ಹೇಳುತ್ತಿದ್ದ ರಾಜರಾಣಿಯರ ಕಥೆಗಳು, ಹೊಳೆಯ ದಂಡೆಯಲ್ಲಿ ಜೇಡಿಮಣ್ಣಿನಿಂದ ಮಾಡಿದ ಗೊಂಬೆಗಳು ಮತ್ತು ಮನೆಗಳು, ಇವೇ ಅವರಿಗೆ ದೊರೆತ ಕಲಾಶಿಕ್ಷಣ. 1947ರ ದೇಶವಿಭಜನೆಯಲ್ಲಿ ಆ ಹಳ್ಳಿ ಗಡಿಯಾಚೆ ಉಳಿಯಿತು. ಕುಟುಂಬ ಈಚೆಗೆ ಬಂದಿತು. 1950ರ ದಶಕದ ಆದಿಯಲ್ಲಿ, ಪಂಜಾಬಿನ ನೂತನ ರಾಜಧಾನಿಯಾಗಿ ಚಂಡೀಗಢ ನಿರ್ಮಾಣಗೊಳ್ಳುತ್ತಿದ್ದಾಗ, ಅವರು ಅಲ್ಲಿಯ ಲೋಕೋಪಯೋಗಿ ಇಲಾಖೆಯಲ್ಲಿ ರಸ್ತೆ ಕಾಮಗಾರಿಯ ಮೇಲ್ವಿಚಾರಕರಾಗಿ ಸೇರಿದರು. ತಮ್ಮ ಊರನ್ನು ಕಳೆದುಕೊಂಡ ವ್ಯಕ್ತಿ ಲಾಹೋರನ್ನು ಕಳೆದುಕೊಂಡ ಪ್ರಾಂತವೊಂದರ ಹೊಸ ರಾಜಧಾನಿಗೆ ರಸ್ತೆ ಹಾಕಿಸುವ ಕೆಲಸಕ್ಕೆ ಬಂದರೆಂಬುದು ಗಮನಾರ್ಹವಾದ ಯೋಗಾಯೋಗ.

ಆ ನಗರದ ಸ್ವರೂಪವನ್ನು ಇಲ್ಲಿ ನೆನೆಯುವುದು ಅವಶ್ಯ. ವಾಸ್ತುಶಿಲ್ಪಿ ಲ ಕಾರ್ಬೂಸಿಯೆ 1951ರಿಂದ ರೂಪಿಸಿದ ಚಂಡೀಗಢ ಸರಳರೇಖೆಗಳ ಊರು. ಅಲ್ಲಿ ಪ್ರತಿಯೊಂದಕ್ಕೂ ಸ್ಥಳ ನಿಶ್ಚಿತ, ಅಳತೆ ನಿಶ್ಚಿತ. ವ್ಯಕ್ತಿಗಳ ಪ್ರತಿಮೆಗಳನ್ನು ನಗರದಲ್ಲಾಗಲಿ ಉದ್ಯಾನಗಳಲ್ಲಾಗಲಿ ನಿಲ್ಲಿಸಕೂಡದೆಂದು ಕಾರ್ಬೂಸಿಯೆಯ ಶಾಸನಪತ್ರ ವಿಧಿಸಿತ್ತು. ಇಂತಹ ನಗರ ಮೇಲೇಳಲು ಅಲ್ಲಿದ್ದ ಹಳ್ಳಿಗಳು ನೆಲಸಮವಾಗಬೇಕಾಯಿತು. ಒಡೆದ ಮಡಕೆ, ಹಂಚು, ಪಿಂಗಾಣಿ, ಬಳೆ, ಸೈಕಲ್ಲಿನ ಬಿಡಿಭಾಗಗಳು ಒಂದೆಡೆ; ಹೊಸ ಕಟ್ಟಡಗಳಿಂದ ಹೊರಬಿದ್ದ ಮುರುಕು ವಿದ್ಯುತ್ ಸಾಮಗ್ರಿ, ಬಿರುಕುಬಿಟ್ಟ ಶೌಚಾಲಯದ ಪಾತ್ರೆ, ಖಾಲಿ ಡಾಂಬರು ಡಬ್ಬಗಳು ಇನ್ನೊಂದೆಡೆ. ಒಂದು ಊರಿನ ಅಂತ್ಯವೂ ಇನ್ನೊಂದರ ಆರಂಭವೂ ಒಂದೇ ಕಸದ ರಾಶಿಯಲ್ಲಿ ಕೂಡಿದ್ದವು. ರಸ್ತೆಯ ಮೇಲ್ವಿಚಾರಕನ ಕಣ್ಣಿಗೆ ಅದು ನಿತ್ಯವೂ ಬೀಳುತ್ತಿತ್ತು.

1950ರ ದಶಕದ ಕೊನೆಯ ವರ್ಷಗಳಿಂದ ನೇಕ್‌ಚಂದ್ ಸಂಗ್ರಹವನ್ನು ತೊಡಗಿದರು. ಶಿವಾಲಿಕ್ ಬೆಟ್ಟದ ತಪ್ಪಲಿನಿಂದಲೂ ತೊರೆಗಳ ಪಾತ್ರದಿಂದಲೂ ವಿಚಿತ್ರಾಕಾರದ ಕಲ್ಲುಗಳನ್ನು ಆರಿಸಿ ಸೈಕಲ್ಲಿನ ಮೇಲೆ ಹೇರಿಕೊಂಡು ತಂದರು. ಸುಖನಾ ಸರೋವರಕ್ಕೂ ರಾಜಧಾನಿಯ ಮಹಾಸೌಧಗಳಿಗೂ ಸಮೀಪದಲ್ಲಿ, ಯಾವ ಕಟ್ಟಡವೂ ಏಳಬಾರದೆಂದು ಕಾದಿರಿಸಿದ್ದ ಕಾಡಿನ ಕೊರಕಲೊಂದು ಅವರ ಕರ್ಮಭೂಮಿಯಾಯಿತು. ಹಗಲು ಇಲಾಖೆಯ ಕೆಲಸ. ಸಂಜೆ ಮತ್ತು ರಾತ್ರಿ ಈ ಕೆಲಸ. ಕೆಲವು ಆಪ್ತರನ್ನುಳಿದು ಹೊರಗಿನವರಿಗೆ ಇದು ತಿಳಿದಿರಲಿಲ್ಲ. ಹಲವು ವರ್ಷ ಗುಟ್ಟಾಗಿ ನಡೆದ ಈ ನಿರ್ಮಾಣ ಕಾನೂನಿನ ದೃಷ್ಟಿಯಿಂದ ನಿಸ್ಸಂದೇಹವಾಗಿ ಅತಿಕ್ರಮಣ. ಅದನ್ನು ಮರೆಸಿ ಹೇಳುವ ಅಗತ್ಯವಿಲ್ಲ. ಏಕೆಂದರೆ ಆ ಸ್ಥಿತಿಯೇ ಕೃತಿಯ ರೂಪವನ್ನು ನಿರ್ಧರಿಸಿತು. ಯಾವ ಕ್ಷಣದಲ್ಲಾದರೂ ಕೆಡವಿಹಾಕಬಹುದಾದುದನ್ನು ಕಟ್ಟುವವನು ಒಂದು ಮಹಾಪ್ರತಿಮೆಗಾಗಿ ಹತ್ತು ವರ್ಷ ಕಾಯಲಾರ. ಕೈಗೆ ಸಿಕ್ಕಷ್ಟರಿಂದ, ದೊರೆತಷ್ಟು ಹೊತ್ತಿನಲ್ಲಿ, ಒಂದೊಂದಾಗಿ ಮುಗಿಸುತ್ತ ಹೋಗಬೇಕು. ಗಾತ್ರದಲ್ಲಿ ಸಣ್ಣವು, ಸಂಖ್ಯೆಯಲ್ಲಿ ಅಪಾರ ಎಂಬ ಅವರ ಶಿಲ್ಪಗಳ ಲಕ್ಷಣಕ್ಕೆ ಇದೂ ಒಂದು ಕಾರಣವೆನ್ನಬಹುದು.

ಅವರ ಪ್ರೇರಣೆಗಳನ್ನು ಮೂರಾಗಿ ವಿಂಗಡಿಸಬಹುದು. ಮೊದಲನೆಯದು ಕಲ್ಲು. ನೀರು ಮತ್ತು ಕಾಲ ಸವೆಸಿದ ಬಂಡೆಯಲ್ಲಿ ಹಕ್ಕಿಯೋ ಮೃಗವೋ ಮುಖವೋ ಆಗಲೇ ಅಡಗಿದೆ. ಉಳಿಯ ಪೆಟ್ಟಿಲ್ಲದೆ ಅದನ್ನು ಗುರುತಿಸಿ ತಕ್ಕ ಪೀಠದಲ್ಲಿ ನಿಲ್ಲಿಸುವುದೇ ಇಲ್ಲಿ ಶಿಲ್ಪಕರ್ಮ. ಎರಡನೆಯದು ಕಥೆ. ತಾಯಿ ಹೇಳಿದ ರಾಜ್ಯಕ್ಕೆ ಅರಮನೆ, ಸಭೆ, ಸೈನ್ಯ, ನರ್ತಕಿಯರು, ಪ್ರಜೆಗಳು, ದನಕರುಗಳು ಎಲ್ಲವೂ ಬೇಕು. ಆದುದರಿಂದಲೇ ಅವರ ಕಲ್ಪನೆ ಬಿಡಿ ವಿಗ್ರಹಗಳಲ್ಲಿ ನಿಲ್ಲದೆ ಜನಸಮೂಹವಾಗಿ ಬೆಳೆಯಿತು. ಮೂರನೆಯದು ಕಳೆದುಹೋದ ಊರು. ಗಡಿಯಾಚೆ ಉಳಿದ ಹಳ್ಳಿಯ ಓಣಿ, ಜಗಲಿ, ನೀರು ತರುವ ಹೆಂಗಸರು, ಹರಟುತ್ತ ಕುಳಿತ ಗಂಡಸರು ಇಲ್ಲಿ ಮತ್ತೆ ಕಾಣಿಸಿಕೊಳ್ಳುತ್ತಾರೆ. ಕಥೆಯ ರಾಜ್ಯ ಮತ್ತು ನೆನಪಿನ ಹಳ್ಳಿ ಒಂದರೊಳಗೊಂದು ಬೆರೆತುಕೊಂಡಿವೆ; ಎಲ್ಲಿ ಒಂದು ಮುಗಿದು ಇನ್ನೊಂದು ಮೊದಲಾಗುತ್ತದೆಂದು ಗೆರೆ ಎಳೆಯುವುದು ಕಷ್ಟ.

ಈ ಪ್ರೇರಣೆಗಳಿಗೆ ಕೈಕೊಟ್ಟುದು ಮೊದಲ ವೃತ್ತಿಯ ತಿಳಿವಳಿಕೆ. ಸಿಮೆಂಟು ಎಷ್ಟು ಹೊತ್ತಿಗೆ ಬಿಗಿಯುತ್ತದೆ, ಇಳಿಜಾರಿನಲ್ಲಿ ಗೋಡೆ ಹೇಗೆ ನಿಲ್ಲುತ್ತದೆ, ಮಳೆಯ ನೀರು ಎತ್ತ ಹರಿಯುತ್ತದೆ ಎಂಬುದು ರಸ್ತೆ ಮಾಡಿಸುವವನಿಗೆ ಗೊತ್ತಿರಲೇಬೇಕಾದ ವಿದ್ಯೆ. ಸೈಕಲ್ಲಿನ ಚೌಕಟ್ಟು, ಕೊಳವೆ, ಕಬ್ಬಿಣದ ಸಲಾಕೆಗಳಿಂದ ಒಳಗಿನ ಹಂದರವನ್ನು ಕಟ್ಟಿ, ಮೇಲೆ ಸಿಮೆಂಟು ಮರಳಿನ ಗಾರೆಯನ್ನು ಮೆತ್ತಿ, ಅದು ಹಸಿಯಾಗಿರುವಾಗಲೇ ಬಳೆಚೂರು, ಪಿಂಗಾಣಿಚೂರು, ಕುಲುಮೆಯ ಕಿಟ್ಟಗಳನ್ನು ಒತ್ತುವುದು ಅವರ ವಿಧಾನ. ಹಂದರಕ್ಕೆ ಆರಿಸಿಕೊಂಡ ವಸ್ತು ಆಕೃತಿಯ ನಿಲುವನ್ನು ನಿರ್ಣಯಿಸುತ್ತದೆ. ಹೊರಮೈಗೆ ಆರಿಸಿಕೊಂಡುದು ಅದರ ವೇಷವನ್ನು. ಶಿಲ್ಪಶಾಲೆಯಲ್ಲಿ ಕಲಿತವರು ಮೊದಲು ಭಾವವನ್ನು ಕಲ್ಪಿಸಿ ಅನಂತರ ಮಾಧ್ಯಮವನ್ನು ಹುಡುಕಿದರೆ, ಇಲ್ಲಿ ಮಾಧ್ಯಮವೇ ಮುಂದೆ ನಡೆದು ಭಾವವನ್ನು ಕರೆತರುತ್ತದೆ.

ಬಳೆಚೂರಿನಿಂದ ಉಡುಗೆ ತೊಟ್ಟ ಸ್ತ್ರೀಯರ ಸಾಲುಗಳನ್ನು ನಿದರ್ಶನವಾಗಿ ನೋಡಬಹುದು. ಒಡೆದ ಬಳೆಯನ್ನು ಅಶುಭವೆಂದು ಮನೆಯಿಂದಾಚೆ ಎಸೆಯುವುದು ಈ ನಾಡಿನಾದ್ಯಂತದ ರೂಢಿ. ಕೈಯ ಅಲಂಕಾರವಾಗಿದ್ದು ಕಸವಾದುದು ಇಲ್ಲಿ ಮೈಯೆಲ್ಲ ತುಂಬುವ ಉಡುಗೆಯಾಗಿದೆ. ಬಿಸಿಲು ಬಿದ್ದಾಗ ಸಾವಿರಾರು ಗಾಜಿನ ಅಂಚುಗಳು ಮಿನುಗುತ್ತವೆ. ಆದರೆ ಹತ್ತಿರ ಸರಿದು ನೋಡಿದರೆ ಪ್ರತಿಯೊಂದು ಅಂಚೂ ಮುರಿದ ಅಂಚೇ. ಶಿಲ್ಪಿ ಒಡಕನ್ನು ಮುಚ್ಚಿಲ್ಲ, ಉಜ್ಜಿ ನುಣುಪುಮಾಡಿಲ್ಲ. ಸಂಭ್ರಮ ಮತ್ತು ವಿಷಾದಗಳು ಒಂದೇ ಮೇಲ್ಮೈಯಲ್ಲಿ ನೆಲೆಸಿರುವುದು ಈ ಶಿಲ್ಪಗಳ ಹೆಚ್ಚಳ. ಮುಖಗಳಲ್ಲಿಯೂ ಇದೇ ಸಂಯಮವಿದೆ. ಕಣ್ಣು, ಮೂಗು, ಬಾಯಿಗಳ ಸೂಚನೆಯಷ್ಟೇ ಇದ್ದು, ಯಾರ ಮೇಲೂ ವ್ಯಕ್ತಿವಿಶೇಷದ ಮುದ್ರೆಯಿಲ್ಲ. ಒಂದು ವಿಗ್ರಹವನ್ನು ಪ್ರತ್ಯೇಕವಾಗಿ ನೋಡಿದರೆ ಒರಟೆನಿಸಬಹುದು. ಸಾಲಾಗಿ ನಿಂತು ಎದುರು ನೋಡುವ ನೂರಾರನ್ನು ಕಂಡಾಗ, ಎಲ್ಲಿಗೋ ಹೊರಟು ನಡುದಾರಿಯಲ್ಲಿ ನಿಂತ ಜನಸ್ತೋಮದ ಮೌನ ಅನುಭವಕ್ಕೆ ಬರುತ್ತದೆ. ವಿಭಜನೆಯ ಕಾಲದಲ್ಲಿ ಊರು ಬಿಟ್ಟವರ ಸ್ಮರಣೆ ಇಲ್ಲಿದೆಯೆಂದು ಶಿಲ್ಪಿ ಬರೆದಿಟ್ಟಿಲ್ಲ. ಆದರೆ ನೋಡುವವರ ಮನಸ್ಸು ಅತ್ತ ಹರಿದರೆ ಅದು ಅಸಹಜವಲ್ಲ.

ಕಾರ್ಬೂಸಿಯೆಯ ಸೌಧಗಳೂ ನೇಕ್‌ಚಂದರ ಜನಸ್ತೋಮವೂ ಒಂದೇ ದ್ರವ್ಯದವು: ಸಿಮೆಂಟು. ಅಲ್ಲಿ ಅದು ಭವಿಷ್ಯದ ಭಾಷೆ. ಇಲ್ಲಿ ಸ್ಮೃತಿಯ ಭಾಷೆ. ಅಲ್ಲಿ ಬೃಹತ್ತಾದ ಬಯಲಿನ ನಡುವೆ ಮಹಾಕಟ್ಟಡ ಒಂಟಿಯಾಗಿ ನಿಲ್ಲುತ್ತದೆ. ಇಲ್ಲಿ ಇಕ್ಕಟ್ಟಾದ ದಾರಿ, ತಲೆ ಬಾಗಿಸದೆ ದಾಟಲಾಗದ ತಗ್ಗು ಬಾಗಿಲು, ತಿರುವಿನಾಚೆ ಏನಿದೆಯೆಂದು ಅರಿಯದ ಕುತೂಹಲ. ಇದನ್ನು ಯೋಜಿತ ನಗರಕ್ಕೆ ಒಡ್ಡಿದ ಪ್ರತಿಭಟನೆಯೆಂದು ಬಣ್ಣಿಸುವವರುಂಟು. ಅದು ಅರ್ಧಸತ್ಯ. ನಗರ ಕಟ್ಟುವ ಕೈಗಳಲ್ಲಿ ನೇಕ್‌ಚಂದರದೂ ಒಂದು ಕೈ. ಅವರ ಕೃತಿ ನಗರದ ವಿರೋಧಿಯಲ್ಲ, ಅದರ ಉಳಿಕೆ. ಯೋಜನೆ ಲೆಕ್ಕಕ್ಕೆ ಹಿಡಿಯದೆ ಬಿಟ್ಟುದಕ್ಕೆಲ್ಲ ದೊರೆತ ನೆಲೆ.

1970ರ ದಶಕದ ಮಧ್ಯದಲ್ಲಿ ಗುಟ್ಟು ಬಯಲಾಯಿತು. ಕೆಡವಬೇಕೆಂಬ ನಿಯಮ ಒಂದು ಕಡೆ, ಕಂಡವರ ಬೆರಗು ಇನ್ನೊಂದು ಕಡೆ. ಕೊನೆಗೆ ಆಡಳಿತ ಔದಾರ್ಯದ ಮಾರ್ಗವನ್ನೇ ಹಿಡಿಯಿತು. 1976ರಲ್ಲಿ ‘ರಾಕ್ ಗಾರ್ಡನ್’ ಎಂಬ ಹೆಸರಿನಿಂದ ಉದ್ಯಾನ ಸಾರ್ವಜನಿಕರಿಗೆ ತೆರೆಯಿತು. ನೇಕ್‌ಚಂದರಿಗೆ ಅದರದೇ ಹುದ್ದೆ, ಸಂಬಳ, ಐವತ್ತು ಮಂದಿ ಕೆಲಸಗಾರರು ದೊರೆತರು. ಆಗ ಅವರಿಗೆ 51 ವರ್ಷ. 1983ರಲ್ಲಿ ಉದ್ಯಾನದ ಅಂಚೆಚೀಟಿ ಹೊರಬಂದಿತು. 1984ರಲ್ಲಿ ಪದ್ಮಶ್ರೀ ಬಂದಿತು. ಎರಡನೆಯ ವೃತ್ತಿ ಅಧಿಕೃತವಾಗಿ ಆರಂಭವಾದುದು ಇಲ್ಲಿಂದ. ಆದರೆ ಕಲಾವಿದನಾಗಿ ಅವರ ಜನ್ಮ ಅದಕ್ಕೂ ಎಷ್ಟೋ ವರ್ಷ ಹಿಂದೆಯೇ ಆಗಿತ್ತು. ಸರಕಾರ ಗುರುತಿಸಿದ್ದು ಮೊಳಕೆಯನ್ನಲ್ಲ, ಬೆಳೆದು ನಿಂತ ಮರವನ್ನು.

ಈ ಆಶ್ರಯ ಶಿಲ್ಪಕ್ಕೆ ಏನು ಮಾಡಿತು ಎಂಬ ಪ್ರಶ್ನೆಯನ್ನು ಅಭಿಮಾನಿಗಳು ಸಾಮಾನ್ಯವಾಗಿ ಕೇಳುವುದಿಲ್ಲ. ಸುಮಾರು ಹನ್ನೆರಡು ಎಕರೆಯಷ್ಟಿದ್ದ ಉದ್ಯಾನ ಮುಂದೆ ನಲವತ್ತು ಎಕರೆಯವರೆಗೆ ಹಬ್ಬಿತು. ಜಲಪಾತಗಳು, ಬಯಲು ರಂಗಮಂದಿರ, ಮಂಟಪಗಳು, ಉಯ್ಯಾಲೆ ತೂಗುವ ಎತ್ತರದ ಕಮಾನುಗಳು ಎದ್ದವು. ಒಬ್ಬನ ಕೈಯಿಂದ ಎಂದಿಗೂ ಆಗದ ಸಾಧನೆ ಇದು. ಸ್ಥಳವನ್ನು ಸಂಯೋಜಿಸುವುದರಲ್ಲಿ, ನಡೆಯುವವನ ಹೆಜ್ಜೆಗೆ ಲಯ ಕೊಡುವುದರಲ್ಲಿ ನೇಕ್‌ಚಂದರ ಪ್ರತಿಭೆ ಇಲ್ಲಿ ವಿಸ್ತಾರ ಪಡೆಯಿತೆಂಬುದನ್ನು ಒಪ್ಪಲೇಬೇಕು. ಆದರೆ ಶಿಲ್ಪದ ತೀವ್ರತೆಯ ದೃಷ್ಟಿಯಿಂದ ತೂಗಿದರೆ, ಕಮಾನುಗಳ ಭವ್ಯತೆ ಮೊದಲ ಅಂಗಳಗಳ ಮೌನಕ್ಕೆ ಸಾಟಿಯಾಗದು. ಅಲ್ಲಿ ಪ್ರತಿಯೊಂದು ಚೂರೂ ಅನಿವಾರ್ಯವಾಗಿತ್ತು. ಇಲ್ಲಿ ಅದು ಅಲಂಕಾರವಾಗುವ ಕಡೆಗೆ ವಾಲುತ್ತದೆ. ಅಭಾವ ಕಲಿಸಿದ ಮಿತವನ್ನು ಸಮೃದ್ಧಿ ಒಂದಿಷ್ಟು ಸಡಿಲಿಸಿತು. ಉತ್ಸವದ ಗದ್ದಲದಲ್ಲಿ ನೆನಪಿನ ದನಿ ತಗ್ಗಿತು. ಹೀಗೆಂದ ಮಾತ್ರಕ್ಕೆ ಕಲಾವಿದ ಬಡತನದಲ್ಲಿಯೇ ಇರತಕ್ಕದ್ದೆಂದು ಅರ್ಥವಲ್ಲ. ಆಶ್ರಯ ಬಂದಾಗ ಮಿತವನ್ನು ತಾನೇ ವಿಧಿಸಿಕೊಳ್ಳುವ ಹೊಸ ಸಾಧನೆ ಅವನಿಗೆ ಎದುರಾಗುತ್ತದೆಂದಷ್ಟೇ ತಾತ್ಪರ್ಯ.

ಪಾಶ್ಚಾತ್ಯ ವಿಮರ್ಶೆ ನೇಕ್‌ಚಂದರನ್ನು ಶಾಲೆಯ ಕಲೆಗೆ ಹೊರಗಿನವರೆಂಬ ಪಂಕ್ತಿಯಲ್ಲಿ ಕೂರಿಸಿದೆ. ಫ್ರಾನ್ಸಿನ ಓತರೀವ್ ಎಂಬ ಹಳ್ಳಿಯಲ್ಲಿ 1879ರಲ್ಲಿ ದಾರಿಯಲ್ಲಿ ಎಡವಿದ ಕಲ್ಲೊಂದರಿಂದ ತೊಡಗಿ ಮೂವತ್ತಮೂರು ವರ್ಷ ಅರಮನೆ ಕಟ್ಟಿದ ಅಂಚೆಯವ ಫರ್ದಿನಾಂ ಶೆವಾಲನೊಡನೆ ಅವರ ಹೋಲಿಕೆ ಸ್ವಾಭಾವಿಕ. ಇಬ್ಬರೂ ನಡುವಯಸ್ಸಿನವರೆಗೂ ಬೇರೆ ವೃತ್ತಿಯವರು. ಇಬ್ಬರಿಗೂ ವೃತ್ತಿಯ ದಾರಿಯೇ ಕಲ್ಲನ್ನು ಕೊಟ್ಟಿತು. ಆದರೂ ವ್ಯತ್ಯಾಸ ಆಳವಾದುದು. ಶೆವಾಲನದು ಒಬ್ಬನ ಕನಸಿನ ಅರಮನೆ. ನೇಕ್‌ಚಂದರದು ಜನ ತುಂಬಿದ ನಾಡು. ಹಳ್ಳಿಯ ಹೆಂಗಸರು ಗೋಡೆಗೆ ಗಾಜು, ಕನ್ನಡಿ ಒತ್ತುವ ಪದ್ಧತಿಯಿರುವ, ಮಣ್ಣಿನ ಆನೆ ಕುದುರೆಗಳನ್ನು ಸಾಲಾಗಿ ಹರಕೆಗೆ ಒಪ್ಪಿಸುವ ದೇಶದಲ್ಲಿ ಅವರನ್ನು ಹೊರಗಿನವರೆನ್ನುವುದು ಹೇಗೆ? ಕಲಾಶಾಲೆಗೆ ಅವರು ಹೊರಗಿನವರಿರಬಹುದು; ಪರಂಪರೆಗೆ ಅಲ್ಲ. ಅವರ ವಿಗ್ರಹಗಳು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿರುವ ಜಾನ್ ಮೈಕೆಲ್ ಕೋಲರ್ ಕಲಾಕೇಂದ್ರವನ್ನೂ ಸೇರಿವೆ. ಅಲ್ಲಿ ಅವುಗಳಿಗೆ ಗೌರವವಿದೆ, ರಕ್ಷಣೆಯಿದೆ. ಆದರೆ ಅವು ನಿಂತಿದ್ದ ಅಂಗಳವಿಲ್ಲ.

ಅಂಗಳಕ್ಕೂ ನೆಮ್ಮದಿ ಪೂರ್ಣವಾಗಿ ದೊರೆತಿಲ್ಲ. 1990ರ ಸುಮಾರಿಗೆ ರಸ್ತೆಗಾಗಿ ಉದ್ಯಾನದ ಭಾಗವನ್ನು ಕೆಡವುವ ಪ್ರಯತ್ನವನ್ನು ನಾಗರಿಕರು ಸರಪಳಿಯಂತೆ ನಿಂತು ತಡೆದರು. 1996ರಲ್ಲಿ ಶಿಲ್ಪಿ ವಿದೇಶದಲ್ಲಿದ್ದಾಗ ವಿಗ್ರಹಗಳು ಕಿಡಿಗೇಡಿಗಳ ಕೈಗೆ ಸಿಕ್ಕು ಹಾಳಾದವು. 2015ರ ಜೂನ್ 12ರಂದು, ತೊಂಬತ್ತರ ವಯಸ್ಸಿನಲ್ಲಿ, ನೇಕ್‌ಚಂದ್ ತೀರಿಕೊಂಡರು. ಮರುವರ್ಷ, 2016ರಲ್ಲಿ, ಪಕ್ಕದ ಕಾರ್ಬೂಸಿಯೆಯ ಸೌಧಸಮುಚ್ಚಯ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. 2025ರ ಮಾರ್ಚಿನಲ್ಲಿ ಹೈಕೋರ್ಟಿನ ಕಡೆಯ ರಸ್ತೆ ಮತ್ತು ವಾಹನ ನಿಲುಗಡೆಗೆಂದು ಉದ್ಯಾನದ ಗೋಡೆಯ ಒಂದು ಭಾಗವನ್ನು ಜನರ ವಿರೋಧದ ನಡುವೆಯೂ ಒಡೆಯಲಾಯಿತು. ರಸ್ತೆಯ ಮೇಲ್ವಿಚಾರಕ ಕಟ್ಟಿದುದನ್ನು ರಸ್ತೆಯೇ ಮತ್ತೆ ಕೇಳಿದಂತಾಯಿತು.

ಒಡೆದುದರಿಂದಲೇ ಹುಟ್ಟಿದ ಶಿಲ್ಪಕ್ಕೆ ಒಡೆಯುವುದರ ಭಯವೇಕೆ ಎಂದು ಯಾರಾದರೂ ಕೇಳಬಹುದು. ಚೂರುಗಳು ರಾಶಿಯಲ್ಲಿ ಯಾವಾಗಲೂ ಇರುತ್ತವೆ. ಅವುಗಳಲ್ಲಿ ಮುಖವನ್ನು ಕಾಣುವ ಕಣ್ಣು ಎಲ್ಲ ಕಾಲದಲ್ಲಿಯೂ ಇರುವುದಿಲ್ಲ. ಹದಿನೆಂಟು ವರ್ಷಗಳಷ್ಟು ಕಾಲ ಯಾವ ಹೆಸರೂ ಹೊಗಳಿಕೆಯೂ ಇಲ್ಲದೆ, ಹಗಲಿನ ಕೆಲಸವನ್ನು ಬಿಡದೆ, ಸಂಜೆಯ ಕೆಲಸವನ್ನು ಮರೆಯದೆ ದುಡಿದವರಲ್ಲಿ ಆ ಕಣ್ಣಿತ್ತು. ಮೊದಲ ವೃತ್ತಿ ಅವರಿಗೆ ದ್ರವ್ಯವನ್ನೂ ವಿದ್ಯೆಯನ್ನೂ ಕೊಟ್ಟಿತು; ಕಳೆದ ಊರು ವಸ್ತುವನ್ನು ಕೊಟ್ಟಿತು. ಎರಡನ್ನೂ ಹೊಂದಿಸಿದ ತಾಳ್ಮೆ ಮಾತ್ರ ಅವರ ಸ್ವಂತದ್ದು. ನೇಕ್‌ಚಂದರ ಜೀವನವನ್ನು ಪವಾಡವಾಗಿ ಹೇಳುವುದಕ್ಕಿಂತ, ಮೊದಲ ಅಂಗಳಗಳ ಆ ಮುರುಕು ಅಂಚಿನ ಜನರ ಎದುರು ಒಂದು ಗಳಿಗೆ ಸುಮ್ಮನೆ ನಿಲ್ಲುವುದು ಆ ತಾಳ್ಮೆಗೆ ಸಲ್ಲುವ ತಕ್ಕ ಮರ್ಯಾದೆ.