ಸದ್ದಿಲ್ಲದ ಗಿಲಕಿ: ಚಲನಚಿತ್ರಗಳಲ್ಲಿ ಮಕ್ಕಳ ಚಿಕಿತ್ಸೆ

ಕಳೆದ ತಿಂಗಳು ನಮ್ಮ ಸಂಘದ ಸಭಾಗೃಹದಲ್ಲಿ ಮಹಿಳಾ ವಿಭಾಗದವರು ‘ಬ್ಲ್ಯಾಕ್’ ಎಂಬ ಹಿಂದಿ ಚಿತ್ರವನ್ನು ತೋರಿಸಿದರು. ಸಂಜಯ್ ಲೀಲಾ ಭನ್ಸಾಲಿಯವರ ಈ ಚಿತ್ರ ೨೦೦೫ರದು. ಹಳೆಯದಾದರೂ ಅಂದು ಸಭೆಯಲ್ಲಿ ಕಣ್ಣೊರೆಸಿಕೊಳ್ಳದವರು ವಿರಳ. ನಾವೂ ಒರೆಸಿಕೊಂಡೆವು. ಆದರೆ ಪ್ರದರ್ಶನ ಮುಗಿದು ಚಹಾ ಕುಡಿಯುತ್ತ ನಿಂತಿದ್ದಾಗ ಸದಸ್ಯರೊಬ್ಬರ ಸೊಸೆ ಬಳಿಗೆ ಬಂದು ಮೆಲುದನಿಯಲ್ಲಿ ಕೇಳಿದ ಮಾತು ನಮ್ಮನ್ನು ಬೇರೊಂದು ಚಿಂತೆಗೆ ಹಚ್ಚಿತು.

“ಕಾಕಾ, ಆ ಹುಡುಗಿಗೆ ಇಪ್ಪತ್ತು ದಿನದಾಗ ತಿಳೀತು. ನಮ್ಮ ಹುಡುಗನ್ನ ಸ್ಪೀಚ್ ಥೆರಪಿಗೆ ಹಚ್ಚಿ ಮೂರು ತಿಂಗಳಾತು, ಹೊಸಾದೊಂದು ಮಾತೂ ಬಂದಿಲ್ಲ. ಬಿಡಿಸಿಬಿಡೂಣು ಅಂತಾರ ಇವರು. ನೀವೇನಂತೀರಿ?”

ಚಹಾದ ಕಪ್ಪು ಹಿಡಿದುಕೊಂಡು ಉತ್ತರಿಸುವ ಪ್ರಶ್ನೆ ಇದಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇವೆ. ನಾವು ಚಿತ್ರಕಲಾವಿಮರ್ಶಕರಲ್ಲ, ಬಿ.ಎಸ್ಸಿ. ಓದಿ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಕಡತ ನೋಡುವವರು. ವೈದ್ಯರಂತೂ ಅಲ್ಲವೇ ಅಲ್ಲ. ಆದರೆ ನಮ್ಮ ಕಿರಿಯ ಮಗನಿಗೆ ಮಾತು ತಡವಾದ ಕಾರಣ ಇದೇ ಮುಂಬಯಿಯಲ್ಲಿ ಎರಡು ವರ್ಷ ಚಿಕಿತ್ಸಾಲಯದ ಬೆಂಚಿನ ಮೇಲೆ ಕುಳಿತ ಅನುಭವ ನಮಗುಂಟು. ಆ ಬೆಂಚಿನ ಮೇಲಿಂದ ಈ ಚಿತ್ರಗಳು ಹೇಗೆ ಕಾಣುತ್ತವೆ ಎಂಬುದಷ್ಟೇ ನಮ್ಮ ವಿಷಯ.

‘ಬ್ಲ್ಯಾಕ್’ ಚಿತ್ರದ ಮಿಶೆಲ್ ಎಂಬ ಹುಡುಗಿಗೆ ಕಣ್ಣಿಲ್ಲ, ಕಿವಿಯಿಲ್ಲ. ಶಿಮ್ಲಾದ ದೊಡ್ಡ ಮನೆಯಲ್ಲಿ ಆಕೆ ಕಾಡುಮೃಗದಂತೆ ಬೆಳೆಯುತ್ತಾಳೆ. ದೇಬರಾಜ್ ಸಹಾಯ್ ಎಂಬ ಶಿಕ್ಷಕ ಬರುತ್ತಾನೆ. ಅವನ ಒರಟುತನ ಕಂಡು ತಂದೆ ಹೊರಟುಹೋಗೆನ್ನುತ್ತಾನೆ. ತಂದೆ ಊರಿಗೆ ಹೋದ ಇಪ್ಪತ್ತು ದಿನಗಳಷ್ಟೇ ಶಿಕ್ಷಕನ ಪಾಲಿಗೆ ಉಳಿಯುವ ಅವಧಿ. ಕಡೆಯ ದಿನ ಅವನು ಹುಡುಗಿಯನ್ನು ಕಾರಂಜಿಯ ನೀರಿಗೆ ನೂಕುತ್ತಾನೆ. ನೀರೆಂಬ ವಸ್ತುವಿಗೆ ಒಂದು ಹೆಸರಿದೆಯೆಂದು ಅವಳಿಗೆ ಹೊಳೆಯುತ್ತದೆ. ಮುಂದೆ ಚಿತ್ರ ವರ್ಷಗಳನ್ನು ಹಾರಿ, ಬೆಳೆದುನಿಂತ ಮಿಶೆಲ್ ಕಾಲೇಜು ಸೇರುವಲ್ಲಿಗೆ ಬರುತ್ತದೆ. ಅಮಿತಾಭ್ ಬಚ್ಚನ್, ರಾಣಿ ಮುಖರ್ಜಿ, ಬಾಲಕಿ ಆಯೇಷಾ ಕಪೂರ್ ಇವರ ಅಭಿನಯದ ಬಗ್ಗೆ ಎರಡು ಮಾತಿಲ್ಲ. ನಮ್ಮ ತಕರಾರು ಆ ಹಾರಿಕೆಯ ಬಗ್ಗೆ.

ಈ ಕಥೆಯ ಮೂಲ ಹೆಲೆನ್ ಕೆಲ್ಲರ್ ಮತ್ತು ಆಕೆಯ ಗುರು ಆನ್ ಸಲಿವನ್ ಅವರ ಜೀವನ ಎಂಬುದು ಎಲ್ಲರಿಗೂ ಗೊತ್ತು. ೧೯೬೨ರ ‘ದಿ ಮಿರಾಕಲ್ ವರ್ಕರ್’ ಎಂಬ ಅಮೆರಿಕದ ಚಿತ್ರವೂ ಇದೇ ಕಥೆಯದು. ಅದರ ಹೆಸರಿನಲ್ಲೇ ಪವಾಡವಿದೆ. ನಿಜವಾಗಿ ನಡೆದದ್ದೇನು? ಸಲಿವನ್ ಅಲಬಾಮಾದ ಆ ಮನೆಗೆ ಬಂದದ್ದು ೧೮೮೭ರ ಮಾರ್ಚ್ ೩ರಂದು. ನೀರಿನ ಪಂಪಿನ ಪ್ರಸಿದ್ಧ ಘಟನೆ ಏಪ್ರಿಲ್ ೫ರದು. ನಡುವಿನ ದಿನಗಳಲ್ಲಿ ಸಲಿವನ್ ಹುಡುಗಿಯ ಅಂಗೈಯಲ್ಲಿ ಬೆರಳಿನಿಂದ ಪದಗಳನ್ನು ಮತ್ತೆ ಮತ್ತೆ ಬರೆಯುತ್ತಲೇ ಇದ್ದರು. ಹುಡುಗಿ ಅರ್ಥವರಿಯದೆ ಅವನ್ನು ಅನುಕರಿಸುತ್ತಲೇ ಇದ್ದಳು. ಅದೂ ಅಲ್ಲದೆ, ಕಾಯಿಲೆ ಬೀಳುವ ಮೊದಲು, ಹತ್ತೊಂಬತ್ತು ತಿಂಗಳ ತನಕ, ಹೆಲೆನ್ ಕಣ್ಣು ಕಿವಿ ನೆಟ್ಟಗಿದ್ದ ಮಗು. ನೀರಿಗೆ ಒಂದು ತೊದಲು ಮಾತು ಅವಳ ಬಾಯಲ್ಲಿ ಆಗಲೇ ಇತ್ತು. ಬೀಜ ಮೊದಲೇ ಬಿದ್ದಿತ್ತು. ಪಂಪಿನ ನೀರು ಅದಕ್ಕೆ ಬಿದ್ದ ಮಳೆ.

ಅದಕ್ಕಿಂತ ಮುಖ್ಯವಾದುದು ಐದು ದಿನಗಳ ನಂತರದ ಸಂಗತಿ. ಏಪ್ರಿಲ್ ೧೦ರ ಪತ್ರದಲ್ಲಿ ಸಲಿವನ್ ಒಂದು ನಿರ್ಧಾರವನ್ನು ತಿಳಿಸುತ್ತಾರೆ. ಹೆಲೆನಳ ಬಂಧುಗಳ ಮನೆಯ ಹದಿನೈದು ತಿಂಗಳ ಕೂಸೊಂದನ್ನು ಅವರು ಗಮನಿಸುತ್ತಿದ್ದರಂತೆ. ಆ ಕೂಸಿಗೆ ಯಾರೂ ಪಾಠ ಹೇಳುವುದಿಲ್ಲ. ಸುತ್ತಲಿನವರು ಆಡುತ್ತಾರೆ, ಅದು ಕೇಳುತ್ತದೆ, ಆಡುವ ಮೊದಲೇ ಅರ್ಥಮಾಡಿಕೊಳ್ಳುತ್ತದೆ. ಹಾಗಾದರೆ ಗಂಟೆ ಹೊಡೆದು ಪಾಠ ಮಾಡುವುದನ್ನು ಸದ್ಯಕ್ಕೆ ಬಿಟ್ಟು, ಕೂಸಿನ ಕಿವಿಯಲ್ಲಿ ಮಾತಾಡುವಂತೆ ಹೆಲೆನಳ ಕೈಯಲ್ಲಿ ಇಡೀ ದಿನ ಮಾತಾಡುತ್ತೇನೆ ಎಂದು ಅವರು ತೀರ್ಮಾನಿಸಿದರು. ಎಂದರೆ, ಆ ಮಹಾಗುರು ತಮ್ಮ ವಿದ್ಯೆಯನ್ನು ಕಲಿತದ್ದು ತಾಯಿ ಮಗುವಿನ ಸಹಜ ಸಂಭಾಷಣೆಯಿಂದ! ಚಿತ್ರ ಬಿಟ್ಟದ್ದು ಇದನ್ನೇ. ಕಾರಂಜಿಯನ್ನು ಇಟ್ಟುಕೊಂಡು ಕೂಸನ್ನು ಕೈಬಿಟ್ಟಿತು.

ಇನ್ನು ಊಟದ ಮೇಜಿನ ಸನ್ನಿವೇಶ. ಎರಡೂ ಚಿತ್ರಗಳಲ್ಲಿ ಶಿಕ್ಷಕ ಹುಡುಗಿಯೊಡನೆ ಸೆಣಸಾಡಿ ಚಮಚದಿಂದ ತಿನ್ನುವುದನ್ನು ಕಲಿಸುತ್ತಾನೆ. ಇದು ಕಲ್ಪನೆಯಲ್ಲ, ಸಲಿವನ್ ನಿಜವಾಗಿಯೂ ಮನೆಯವರು ಹೊರಗೆ ಹೋದ ಮೇಲೆ ಬಾಗಿಲಿಗೆ ಬೀಗ ಹಾಕಿ ಹಾಗೆ ಮಾಡಿದ್ದರು. ಆದರೆ ಹೆಲೆನಳಿಗೆ ಅಗಿಯಲು, ನುಂಗಲು ತೊಂದರೆಯಿರಲಿಲ್ಲ; ಇದ್ದದ್ದು ಹಟ. ಇದನ್ನು ನೋಡಿದ ತಂದೆತಾಯಿಗಳು ಉಣ್ಣಲೊಲ್ಲದ ಮಗುವೆಲ್ಲ ಹಟಮಾರಿಯೆಂದು ತಿಳಿದರೆ ಅನಾಹುತವಾದೀತು.

ನಮ್ಮ ಪಕ್ಕದಲ್ಲಿ ಕೂರುತ್ತಿದ್ದ ತಾಯಿಯೊಬ್ಬರ ಮಗಳಿಗೆ ಸೆರೆಬ್ರಲ್ ಪಾಲ್ಸಿ; ನಾಲ್ಕು ವರ್ಷ. ಆಕೆ ಮಗಳನ್ನು ಚಾಚಿದ ಕಾಲ ಮೇಲೆ ಅಂಗಾತ ಮಲಗಿಸಿ, ಕೈಗಳನ್ನು ಒತ್ತಿಹಿಡಿದು, ಒಳಲೆಯಿಂದ ಗಂಜಿ ಸುರಿಯುತ್ತಿದ್ದರು. ನಮ್ಮ ಅಜ್ಜಿಯಂದಿರು ಮಾಡಿದ್ದೂ ಇದನ್ನೇ. ಮಗು ಕೆಮ್ಮುತ್ತಿತ್ತು, ಮೇಲಿಂದ ಮೇಲೆ ಎದೆಯಲ್ಲಿ ಕಫ. ಕತ್ತು ಹಿಂದಕ್ಕೆ ವಾಲಿದಾಗ ಅನ್ನನಾಳಕ್ಕೆ ಹೋಗಬೇಕಾದುದು ಶ್ವಾಸನಾಳಕ್ಕೆ ಜಾರುವ ಭಯವಿದೆಯೆಂದು ಥೆರಪಿಸ್ಟರು ವಿವರಿಸಿದರು. ಬೆನ್ನಿಗೆ ಆಸರೆ ಕೊಟ್ಟು ನೆಟ್ಟಗೆ ಕೂರಿಸಿದರು. ತೂಗಾಡುತ್ತಿದ್ದ ಪಾದಗಳ ಕೆಳಗೆ ಮಣೆಯಿಟ್ಟರು. ಗದ್ದ ತುಸು ಕೆಳಗೆ ಬಾಗುವಂತೆ ನೋಡಿಕೊಂಡರು. ಚಿಕ್ಕ ಚಮಚದಲ್ಲಿ ಅರ್ಧ ತುತ್ತು, ನಾಲಿಗೆಯ ಮೇಲೆ ಮೆಲ್ಲನೆ ಒತ್ತಿ, ತುಟಿ ತಾನಾಗಿ ಮುಚ್ಚುವ ತನಕ ಕಾದರು. ತೆಳ್ಳಗಿನ ನೀರು ಬೇಗ ಜಾರುತ್ತದೆ, ಆ ಮಗುವಿಗೆ ತುಸು ಗಟ್ಟಿಯಾದುದು ಸುಲಭ ಎಂದರು. (ಇದನ್ನೋದಿ ಯಾರೂ ಮನೆಯಲ್ಲೇ ಪ್ರಯೋಗಕ್ಕೆ ಇಳಿಯಬಾರದು, ಒಂದೊಂದು ಮಗುವಿನದು ಒಂದೊಂದು ಬಗೆ, ಬಲ್ಲವರು ನೋಡಿಯೇ ಹೇಳಬೇಕು.) ಹತ್ತು ತುತ್ತಿಗೆ ಅರ್ಧ ಗಂಟೆ ಹಿಡಿಯಿತು. ಯಾರೂ ಸೆಣಸಲಿಲ್ಲ, ತಟ್ಟೆ ಹಾರಲಿಲ್ಲ. ಚಿತ್ರ ತೆಗೆಯುವವರಿಗೆ ಅದರಲ್ಲಿ ರಸವಿಲ್ಲವೆನಿಸಬಹುದು. ಆ ತಾಯಿಯ ಮುಖ ನೋಡಿದ್ದರೆ ಇದೆಯೆಂದು ಅವರೂ ಒಪ್ಪುತ್ತಿದ್ದರು.

೨೦೦೭ರ ‘ತಾರೇ ಜಮೀನ್ ಪರ್’ ಇದಕ್ಕಿಂತ ಒಂದು ಹೆಜ್ಜೆ ಮುಂದಿದೆ. ಎಂಟು ವರ್ಷದ ಇಶಾನನಿಗೆ ಡಿಸ್ಲೆಕ್ಸಿಯಾ. ಅಕ್ಷರಗಳು ಅವನ ಕಣ್ಣೆದುರು ಕುಣಿಯುತ್ತವೆ. ಸೋಮಾರಿಯೆಂದು ತಂದೆ ವಸತಿಶಾಲೆಗೆ ತಳ್ಳುತ್ತಾನೆ. ಚೆಂಡನ್ನು ಹಿಡಿಯಲಾಗದ್ದಕ್ಕೂ ಓದಲಾಗದ್ದಕ್ಕೂ ಸಂಬಂಧವಿದೆಯೆಂದು ನಿಕುಂಭ್ ಮಾಸ್ತರು ತಂದೆಗೆ ವಿವರಿಸುವ ದೃಶ್ಯ ಬಹಳ ಬೆಲೆಯುಳ್ಳದ್ದು. ದಡ್ಡತನವೆಂದು ತಿಳಿದದ್ದಕ್ಕೆ ಒಂದು ಹೆಸರಿದೆಯೆಂದು ಎಷ್ಟೋ ಮನೆಗಳಿಗೆ ತಿಳಿಸಿದ ಪುಣ್ಯ ಈ ಚಿತ್ರದ್ದು. ಮರಳಿನ ಮೇಲೆ ಅಕ್ಷರ ತಿದ್ದಿಸುವುದು, ಜೇಡಿಮಣ್ಣಿನಲ್ಲಿ ಆಕಾರ ಮಾಡಿಸುವುದು, ಮೆಟ್ಟಿಲು ಹತ್ತಿಳಿಸಿ ಲೆಕ್ಕ ಕಲಿಸುವುದು ಇವೆಲ್ಲ ಒಪ್ಪತಕ್ಕ ಕ್ರಮಗಳೇ. ನಮ್ಮ ಮಗನಿಗೂ ಆಕ್ಯುಪೇಷನಲ್ ಥೆರಪಿಯವರು ಮಣಿ ಪೋಣಿಸುವುದು, ಬಟಾಣಿ ಸುಲಿಯುವುದು, ಕಣಕ ನಾದುವುದು ಇಂಥ ಬೆರಳಿನ ಕೆಲಸಗಳನ್ನೇ ಕೊಟ್ಟರು. (ಪ್ರಸಂಗವಶಾತ್ ಹೇಳಬಹುದು: ನಮ್ಮ ದೇಶದಲ್ಲಿ ಈ ವಿದ್ಯೆಯ ಮೊದಲ ಶಾಲೆ ಇದೇ ಊರಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ೧೯೫೦ರಲ್ಲಿ ಕಮಲಾ ನಿಂಬಕರ್ ಅವರಿಂದ ಆರಂಭವಾಯಿತು.)

ಆದರೆ ಚಿತ್ರದಲ್ಲಿ ಈ ತಿಂಗಳುಗಟ್ಟಲೆಯ ದುಡಿಮೆ ಒಂದು ಹಾಡಿನಷ್ಟು ಹೊತ್ತಿನಲ್ಲಿ ಮುಗಿದುಹೋಗುತ್ತದೆ. ಹುಡುಗ ಚಿತ್ರಕಲಾ ಸ್ಪರ್ಧೆಯಲ್ಲಿ ಬಹುಮಾನ ಗೆಲ್ಲುತ್ತಾನೆ. ಆ ವೇಳೆಗೆ ತಾಯಿ ಎಲ್ಲಿದ್ದಾಳೆ? ನೂರಾರು ಮೈಲಿ ದೂರದಲ್ಲಿ. ಮೊದಲರ್ಧದಲ್ಲಿ ಮಗನ ಪುಸ್ತಕ ಹಿಡಿದು ಪಕ್ಕದಲ್ಲಿ ಕುಳಿತು ಹೆಣಗಾಡಿದವಳು ಆಕೆಯೇ. ಹೆಣಗುವ ಸರಿಯಾದ ದಾರಿಯನ್ನು ಆಕೆಗೆ ಯಾರೂ ತೋರಿಸುವುದಿಲ್ಲ. ಅಲ್ಲಿ ಊಟದ ಮನೆಯ ಬಾಗಿಲು, ಇಲ್ಲಿ ವಸತಿಶಾಲೆಯ ಗೇಟು. ತಾಯಿ ಎರಡು ಕಡೆಯೂ ಹೊರಗೆ.

ಇದಕ್ಕೆ ಹೊರತಾದದ್ದು ಗುಲ್ಜಾರ್ ಅವರ ‘ಕೋಶಿಶ್’, ೧೯೭೨ರದು. (ಅದಕ್ಕೂ ಎಂಟು ವರ್ಷ ಮುಂಚೆ, ೧೯೬೪ರಲ್ಲೇ, ಎನ್. ಲಕ್ಷ್ಮೀನಾರಾಯಣ್ ಅವರು ‘ನಾಂದಿ’ಯಲ್ಲಿ ಕಿವುಡು ಮೂಗಿ ಹೆಂಡತಿಯೊಬ್ಬಳನ್ನು ಕನ್ನಡ ತೆರೆಯ ಮೇಲೆ ತಂದದ್ದು ಹಿರಿಯ ವಾಚಕರಿಗೆ ನೆನಪಿರಬಹುದು.) ‘ಕೋಶಿಶ್’ನಲ್ಲಿ ಸಂಜೀವ್ ಕುಮಾರ್, ಜಯಾ ಭಾದುರಿ ಇಬ್ಬರದೂ ಕಿವಿ ಕೇಳದ, ಮಾತು ಬಾರದ ದಂಪತಿಗಳ ಪಾತ್ರ. ಹುಟ್ಟಿದ ಮಗುವಿಗೆ ಕಿವಿ ಕೇಳುತ್ತದೆಯೇ ಎಂದು ನೋಡಲು ಗಿಲಕಿ ಆಡಿಸುತ್ತಾರೆ. ಮಗು ತಿರುಗುವುದಿಲ್ಲ. ಗಾಬರಿಯಿಂದ ಡಾಕ್ಟರ ಬಳಿಗೆ ಓಡುತ್ತಾರೆ. ನೋಡಿದರೆ ಮಗು ಸರಿಯಾಗಿಯೇ ಇದೆ, ಗಿಲಕಿಯಲ್ಲೇ ಸದ್ದಿಲ್ಲ! ಕೇಳಿಸದ ತಂದೆತಾಯಿಗೆ ಅದು ತಿಳಿಯುವುದಾದರೂ ಹೇಗೆ? ನಗು ಅಳು ಎರಡನ್ನೂ ಒಟ್ಟಿಗೆ ತರುವ ಈ ಪುಟ್ಟ ದೃಶ್ಯ ನಮ್ಮ ಲೆಕ್ಕದಲ್ಲಿ ಕಾರಂಜಿಗಿಂತ ದೊಡ್ಡದು. ಇಲ್ಲಿ ಮಹಾಗುರುವಿಲ್ಲ, ಪವಾಡವಿಲ್ಲ. ಮಗುವಿನ ಮುಂದೆ ಮಂಡಿಯೂರಿದ ಇಬ್ಬರು ಹೆತ್ತವರಿದ್ದಾರೆ. ಮಗುವಿನಲ್ಲಿ ದೋಷ ಹುಡುಕುವ ಮುನ್ನ ನಿಮ್ಮ ಕೈಯಲ್ಲಿರುವ ಗಿಲಕಿಯನ್ನು ನೋಡಿಕೊಳ್ಳಿ ಎಂದು ಈ ದೃಶ್ಯ ಹೇಳುತ್ತದೆ.

ನಮ್ಮ ಕೈಯಲ್ಲೂ ಅಂಥದೊಂದು ಗಿಲಕಿಯಿತ್ತು. ಮಗನಿಗೆ ಮೂರು ತುಂಬಿದರೂ ನಾಲ್ಕೈದು ಮಾತಿಗಿಂತ ಹೆಚ್ಚಿಲ್ಲದಿದ್ದಾಗ ಶಿಶುವಿಹಾರದ ಬಾಯಿಯವರು, “ಮನೆಯಲ್ಲಿ ಕನ್ನಡ, ಹೊರಗೆ ಹಿಂದಿ ಮರಾಠಿ, ಮಗು ಗೊಂದಲಕ್ಕೆ ಬಿದ್ದಿದೆ. ಮನೆಯಲ್ಲಿ ಕನ್ನಡ ಬಿಡಿ” ಎಂದರು. ಕಲಿತವರೆನಿಸಿಕೊಂಡ ನಾವೂ ಒಪ್ಪಿದೆವು. ಎಂಟು ತಿಂಗಳು ಮನೆಯಲ್ಲಿ ಹರಕು ಹಿಂದಿ, ಮುರುಕು ಇಂಗ್ಲಿಷು. ಧಾರವಾಡದಿಂದ ಬಂದಿದ್ದ ನಮ್ಮ ತಾಯಿ, “ನನ್ನ ಮೊಮ್ಮಗನ ಮುಂದ ನಾನು ಬಾಯಿಗೆ ಬೀಗ ಹಾಕ್ಕೊಂಡು ಕುಂಡ್ರಲೇನು?” ಎಂದು ಕೇಳಿದರು, ಕಡೆಗೆ ಹಾಗೆಯೇ ಕುಳಿತರು. ಕಥೆ ನಿಂತಿತು, ಜೋಗುಳ ನಿಂತಿತು. ಮಗನಿಗೆ ಹೊಸ ಮಾತು ಬರಲಿಲ್ಲ. ಇದ್ದ ಮಾತುಗಳಲ್ಲೂ ಎರಡು ಹೋದವು.

ಚಿಕಿತ್ಸಾಲಯದಲ್ಲಿ ಮೊದಲು ಕಿವಿಯ ಪರೀಕ್ಷೆ ಮಾಡಿಸಿದರು. ಬಳಿಕ ಥೆರಪಿಸ್ಟರು ನಮ್ಮಾಕೆಯನ್ನು ಕೇಳಿದ ಮೊದಲ ಪ್ರಶ್ನೆ: “ನಿಮಗೆ ಸಿಟ್ಟು ಬಂದಾಗ ಯಾವ ಭಾಷೆಯಲ್ಲಿ ಬೈಯುತ್ತೀರಿ?” ನಮ್ಮಾಕೆ ನಕ್ಕು, ಕನ್ನಡವೆಂದರು. “ಹಾಗಾದರೆ ಮುದ್ದನ್ನೂ ಅದರಲ್ಲೇ ಮಾಡಿ” ಎಂದರು. ಎರಡು ಭಾಷೆ ಕಿವಿಗೆ ಬೀಳುವುದರಿಂದ ಮಾತು ತಡವಾಗುವುದಿಲ್ಲ, ಎರಡರ ಪದಗಳನ್ನೂ ಕೂಡಿಸಿ ಲೆಕ್ಕಹಾಕಬೇಕು, ಹೆತ್ತವರು ತಮಗೆ ಸಲೀಸಾಗಿ ಬರುವ ಭಾಷೆಯಲ್ಲಿ ಧಾರಾಳವಾಗಿ ಆಡಬೇಕು ಎಂಬುದು ಇಂದು ಈ ಶಾಸ್ತ್ರದಲ್ಲಿ ಸ್ಥಿರಪಟ್ಟ ಮಾತು. ನಮ್ಮ ಹರಕು ಹಿಂದಿಯೇ ಸದ್ದಿಲ್ಲದ ಗಿಲಕಿ. ಊರು ಬಿಟ್ಟು ಬಂದ ಕನ್ನಡಿಗರ ಮನೆಗಳಲ್ಲಿ ಈ ಗಿಲಕಿ ಇಂದೂ ಆಡುತ್ತಿದೆಯೆಂದು ಬಲ್ಲೆವಾದ್ದರಿಂದಲೇ ಇಷ್ಟು ಬರೆದೆವು.

ಗುಮಾಸ್ತನ ಲೆಕ್ಕವೊಂದನ್ನು ಕೊಟ್ಟುಬಿಡುತ್ತೇವೆ. ವಾರಕ್ಕೆ ಎರಡು ಸಲ ಮುಕ್ಕಾಲು ಗಂಟೆಯಂತೆ ಚಿಕಿತ್ಸೆ ಒಂದೂವರೆ ಗಂಟೆ. ವಾರಕ್ಕಿರುವುದು ೧೬೮ ಗಂಟೆ. ನಿದ್ರೆಗೆ ೭೦ ಕಳೆದರೆ ಉಳಿದದ್ದು ೯೮. ಅದರಲ್ಲಿ ಥೆರಪಿಸ್ಟರದು ಒಂದೂವರೆ, ಮಿಕ್ಕ ತೊಂಬತ್ತಾರೂವರೆ ಮನೆಯದು. ನಮಗೆ ಕಲಿಸಿದ್ದು ಆ ಮಿಕ್ಕ ಗಂಟೆಗಳನ್ನು ಬಳಸುವ ಬಗೆಯನ್ನು: ನೆಲದ ಮೇಲೆ ಮಗುವಿನ ಮುಖದ ಮಟ್ಟಕ್ಕೆ ಕೂರುವುದು, ಕೇಳುವ ಮೊದಲೇ ಎಲ್ಲ ಕೊಟ್ಟುಬಿಡದಿರುವುದು, ಮನಸ್ಸಿನಲ್ಲಿ ಹತ್ತು ಎಣಿಸಿ ಕಾಯುವುದು, ಅವನು “ನೀರು” ಎಂದರೆ ನಾವು “ತಣ್ಣೀರು ಬೇಕು” ಎಂದು ಒಂದು ಮಾತು ಸೇರಿಸುವುದು. ನಾಲ್ಕು ತಿಂಗಳು ಏನೂ ಕಾಣಲಿಲ್ಲ. ಐದನೆಯ ತಿಂಗಳಲ್ಲಿ ಒಂದು ಸಂಜೆ ಅಜ್ಜಿಯ ಸೆರಗು ಜಗ್ಗಿ, “ಅಜ್ಜಿ, ಕತಿ” ಎಂದ. ಅಲ್ಲಿ ಕಾರಂಜಿಯಿರಲಿಲ್ಲ. ಒಲೆಯ ಮೇಲೆ ಹಾಲು ಉಕ್ಕಿ ಹೋಯಿತು.

ಆ ತಾಯಿಗೆ ನಮ್ಮ ಉತ್ತರವಿಷ್ಟು: ಬಿಡಿಸಬೇಡವ್ವಾ. ಆದರೆ ಬಾಗಿಲ ಹೊರಗೂ ಕೂರಬೇಡ. ಒಳಗೆ ಕೂತು ನೋಡುತ್ತೇನೆ, ಮನೆಯಲ್ಲಿ ಮಾಡಬೇಕಾದುದನ್ನು ಕಲಿಸಿ ಎಂದು ಕೇಳು. ತಾಯಿಗೆ ಏನನ್ನೂ ಕಲಿಸದೆ ಬಾಗಿಲು ಮುಚ್ಚಿಕೊಳ್ಳುವ ಚಿಕಿತ್ಸೆಯಾದರೆ ಬೇರೆ ಕಡೆ ನೋಡು. ಬಾಂದ್ರಾದಲ್ಲಿ ೧೯೮೩ರಿಂದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಯಿದೆ, ರಜೆಗೆ ಊರಿಗೆ ಹೋದರೆ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಉಳಿದ ವಾಚಕರಿಗೂ ಒಂದು ಬಿನ್ನಹ: ಒಂದೂವರೆ ವರ್ಷಕ್ಕೆ ಒಂದು ಮಾತೂ ಇಲ್ಲ, ಎರಡು ವರ್ಷಕ್ಕೆ ಎರಡು ಮಾತು ಜೋಡಿಸುತ್ತಿಲ್ಲ ಎಂದರೆ, “ಅವನ ಅಪ್ಪನೂ ತಡವಾಗಿಯೇ ಮಾತಾಡಿದ್ದ” ಎಂದು ಸುಮ್ಮನಿರದೆ ಕಿವಿಯ ಪರೀಕ್ಷೆ ಮಾಡಿಸಿರಿ.

‘ಬ್ಲ್ಯಾಕ್’ ಚಿತ್ರವನ್ನು ನೋಡಬಾರದೆಂದು ನಾವು ಹೇಳುವುದಿಲ್ಲ. ನೋಡಿ, ಅಳಿ. ಮನೆಗೆ ಬಂದ ಮೇಲೆ ಮಗುವಿನ ಮುಂದೆ ನೆಲದ ಮೇಲೆ ಕುಳಿತು ನಿಮ್ಮ ಮಾತಿನಲ್ಲೇ ಮಾತಾಡಿಸಿ. ಆ ಭಾಗವನ್ನು ಯಾವ ನಿರ್ದೇಶಕರೂ ಇನ್ನೂ ಮನಸ್ಸಿಟ್ಟು ತೆಗೆದದ್ದನ್ನು ನಾವಂತೂ ಕಂಡಿಲ್ಲ.