ಹಳೆಯ ಲಾರಿಗೆ ಹೊಸ ತಗಡು

ಕಾವ್ಯ ಕಾದಂಬರಿಗಳ ಪುಟದಲ್ಲಿ ಲಾರಿಯ ಮಾತೇಕೆಂದು ವಾಚಕರು ಹುಬ್ಬೇರಿಸಬಹುದು. ಆದರೆ ಮುಕ್ಕಾದ ಹಳೆಯ ಕೃತಿಯೊಂದನ್ನು ಹೇಗೆ ಪೂರ್ಣಗೊಳಿಸಬೇಕೆಂಬ ಪ್ರಶ್ನೆ ಓಲೆಗರಿಗಳಿಗೆ ಮಾತ್ರ ಸೇರಿದ್ದಲ್ಲ. ಹಳೆಯ ಸೇನಾ ಲಾರಿಗಳನ್ನು ಹುಡುಕಿ, ತುಕ್ಕು ತಿಂದ ಭಾಗಗಳನ್ನು ಹೊಸ ತಗಡಿನಲ್ಲಿ ಮಾಡಿಸಿ, ಮತ್ತೆ ರಸ್ತೆಗಿಳಿಸುವ ಹವ್ಯಾಸವೂ ನನ್ನ ದೃಷ್ಟಿಯಲ್ಲಿ ಒಂದು ಬಗೆಯ ಗ್ರಂಥಸಂಪಾದನೆಯೇ. ಆದ್ದರಿಂದ ಅದೂ ವಿಮರ್ಶೆಗೆ ಒಳಪಡತಕ್ಕದ್ದು.

ಈ ಮಾತಿಗೆ ಬೀದರ ಜಿಲ್ಲೆಯ ಹೆದ್ದಾರಿಗಿಂತ ತಕ್ಕ ನೆಲೆಯನ್ನು ನಾನು ಬೇರೆ ಕಾಣೆ. 1948ರ ಸೆಪ್ಟೆಂಬರ್ 13ರಂದು ಸೊಲ್ಲಾಪುರದ ಕಡೆಯಿಂದ ಹೊರಟ ಭಾರತದ ಸೇನೆ ನಳದುರ್ಗ, ಉಮರ್ಗಾಗಳನ್ನು ದಾಟಿ, ರಾಜೇಶ್ವರ, ಹುಮನಾಬಾದುಗಳ ಮಾರ್ಗವಾಗಿ ಜಹೀರಾಬಾದಿನತ್ತ ಸಾಗಿತು. 17ರಂದು ನಿಜಾಮರು ಕದನವಿರಾಮ ಸಾರಿದರು. ಅದೇ ಹಾದಿಯಲ್ಲಿ, ಬಸವಕಲ್ಯಾಣದ ಬಳಿಯ ಸಸ್ತಾಪುರ ಬಂಗ್ಲಾದಲ್ಲಿ, ಇಂದು ಲಾರಿ ಕೆಲಸದ ಆಟೋ ನಗರವಿದೆ. ಇತಿಹಾಸವೂ ಕಸಬೂ ಒಂದೇ ರಸ್ತೆಯ ಮೇಲಿವೆ. ಒಂದನ್ನೊಂದು ಮಾತನಾಡಿಸಿಲ್ಲ, ಅಷ್ಟೆ.

ಸೇನಾ ಲಾರಿಯ ರೂಪ ಅಲಂಕಾರಕ್ಕಾಗಿ ಹುಟ್ಟಿದ್ದಲ್ಲ. ಎರಡನೆಯ ಮಹಾಯುದ್ಧದಲ್ಲಿ ಕೆನಡಾದ ಫೋರ್ಡ್, ಷೆವರ್ಲೆ ಕಾರ್ಖಾನೆಗಳು ಕಟ್ಟಿದ ಲಾರಿಗಳ 13ನೆಯ ಮಾದರಿಯ ಕ್ಯಾಬನ್ನು ನೋಡಿ. ಅದರ ಮುಂಗಾಜು ಕೆಳಗಡೆ ಒಳಕ್ಕೆ ಸರಿದಿದೆ. ಬಿಸಿಲು ಬಡಿದು ಮೇಲಿನ ವಿಮಾನಕ್ಕೆ ಮಿಂಚದಿರಲೆಂಬ ಯುಕ್ತಿ ಅದು. ಆ ಕೋನ ತಪ್ಪಿದರೆ ಛಂದಸ್ಸೇ ಕೆಟ್ಟಂತೆ. ಜರ್ಮನಿಯ ಮಾನ್ ಕಂಪನಿಯ ಪರವಾನಗಿಯಿಂದ 1959ರಲ್ಲಿ ಜಬಲ್ಪುರದಲ್ಲಿ ಆರಂಭವಾದ ಶಕ್ತಿಮಾನ್ ಲಾರಿಯ ತಯಾರಿಕೆಯೂ ನಿಂತು ದಶಕಗಳಾದವು. ಅಂಗಡಿಯಲ್ಲಿ ಸಿಗದ ಅಂಗವನ್ನು ಕೈಯಲ್ಲೇ ಮಾಡಬೇಕು.

ಅದು ಸುಲಭದ ಕೆಲಸವಲ್ಲ. ಉಳಿದಿರುವ ಬಲಗಡೆಯ ಮಡ್‌ಗಾರ್ಡಿನಿಂದ ರಟ್ಟಿನ ಅಚ್ಚು ತೆಗೆದು, ಎಡಗಡೆಗೆ ಮಗುಚಿಕೊಳ್ಳಬೇಕು. 18 ಗೇಜಿನ, ಎಂದರೆ ಸುಮಾರು 1.2 ಮಿಲಿಮೀಟರು ದಪ್ಪದ ತಗಡು ಕತ್ತರಿಸಿ, ಒಳಗೆ ಕಬ್ಬಿಣದ ಆನಿಕೆ ಹಿಡಿದು, ಹೊರಗೆ ಸುತ್ತಿಗೆಯಿಂದ ಬಡಿದು ಬಾಗು ಹುಟ್ಟಿಸಬೇಕು. ಬಡಿದಷ್ಟೂ ತಗಡು ಹಿಗ್ಗುತ್ತದೆ. ಏಟು ಹೆಚ್ಚಾದರೆ ಉಬ್ಬುತ್ತದೆ. ಬೆಸುಗೆಯನ್ನು ಒಂದೇ ಗೆರೆಯಾಗಿ ಎಳೆದರೆ ಶಾಖಕ್ಕೆ ಸೆಟೆದುಕೊಳ್ಳುತ್ತದೆಯಾಗಿ, ದೂರ ದೂರ ಚುಕ್ಕಿಯಿಟ್ಟು ನಡುವಣ ಜಾಗವನ್ನು ತುಂಬುತ್ತ ಬರಬೇಕು.

ಈ ಕೈಚಳಕಕ್ಕೆ ನಾನು ತಲೆಬಾಗುತ್ತೇನೆ. ನನ್ನ ತಕರಾರು ಅಭಿರುಚಿಯ ಬಗ್ಗೆ. ಪ್ರದರ್ಶನಕ್ಕೆ ಬರುವ ಎಷ್ಟೋ ಲಾರಿಗಳಲ್ಲಿ ನೆಗ್ಗುಗಳೆಲ್ಲ ಲಪ್ಪದಲ್ಲಿ ಮುಚ್ಚಿ, ಮದುಮಗನಂತೆ ಹಸಿರು ಬಣ್ಣ ಮಿರುಗುತ್ತಿರುತ್ತದೆ. ಎಂದೂ ಸೇರಿರದ ರೆಜಿಮೆಂಟಿನ ಗುರುತನ್ನು ಬರೆಸುವವರೂ ಇಲ್ಲದಿಲ್ಲ. ಪ್ರತಿಯಲ್ಲಿ ಅಕ್ಷರ ಅಳಿಸಿಹೋಗಿದ್ದರೆ ಒಳ್ಳೆಯ ಸಂಪಾದಕ ತನ್ನ ಊಹೆಯನ್ನು ಕಂಸದಲ್ಲಿಡುತ್ತಾನೆ, ಕವಿಯದೆಂದು ಮಾರುವುದಿಲ್ಲ. ಸ್ಮಾರಕಗಳ ರಕ್ಷಣೆಯನ್ನು ಕುರಿತ 1964ರ ವೆನಿಸ್ ಸನ್ನದು ಕೂಡ, ಹೊಸ ಭಾಗ ಹಳೆಯದರೊಡನೆ ಹೊಂದಬೇಕು, ಆದರೆ ಬೇರೆಯೆಂದು ತಿಳಿಯಬೇಕು ಎಂದಿತು. ಹುಮನಾಬಾದ್ ತಾಲ್ಲೂಕಿನ ಜಲಸಂಗಿಯ ಗುಡಿಯಲ್ಲಿ ಶಾಸನ ಬರೆಯುತ್ತ ನಿಂತ ಶಿಲಾಬಾಲಿಕೆಗೆ ಸಿಮೆಂಟು ಮೆತ್ತಿ, ಇದೂ ಚಾಲುಕ್ಯರದೇ ಎಂದರೆ ಸಹಿಸುವವರಾರು? ತಗಡಿಗೆ ಮಾತ್ರ ಬೇರೆ ನ್ಯಾಯವೇ?

ಸೇನೆಯಿಂದ ಹರಾಜಾದ ಲಾರಿಗಳು ಅನಂತರ ಮರ, ಕಲ್ಲು ಹೊತ್ತು ದುಡಿದವು. ಹಳ್ಳಿಯ ಕಮ್ಮಾರ ಹಾಕಿದ ತೇಪೆಯೂ ಅವುಗಳ ಚರಿತ್ರೆಯೇ. ಅದು ಪಾಠಾಂತರ, ಲಿಪಿದೋಷವಲ್ಲ. ಹಾಗೆಂದು ತುಕ್ಕನ್ನೇ ಪೂಜಿಸುವ ಪಂಥವನ್ನೂ ನಾನು ಒಪ್ಪಲಾರೆ. ಕಾಲಿಟ್ಟರೆ ಕುಸಿಯುವ ಕ್ಯಾಬಿನ ನೆಲವನ್ನು ಬದಲಿಸಲೇಬೇಕು. ಓಡದ ಲಾರಿ ಓದದ ಪುಸ್ತಕದಂತೆ. ಹೊಸ ತಗಡಿನ ಒಳಮೈಯಲ್ಲಿ ಮಾಡಿದ ವರ್ಷವನ್ನು ಕೊರೆದು, ಒಳಗಿನ ಬೆಸುಗೆಯನ್ನು ಉಜ್ಜದೆ ಬಿಟ್ಟು, ತೆಗೆದ ಚೂರನ್ನು ಜೋಪಾನ ಮಾಡಿದರೆ ಸಾಕು.

ನಮ್ಮ ಕಾನೂನು ಈ ಸೂಕ್ಷ್ಮವನ್ನು ಗಮನಿಸಿಲ್ಲ. ಕೇಂದ್ರ ಸರ್ಕಾರದ 2021ರ ನಿಯಮ 50 ವರ್ಷ ಮೀರಿದ, ಒಡಲಿನಲ್ಲಿ ಮಾರ್ಪಾಡಾಗದ ದ್ವಿಚಕ್ರಗಳಿಗೂ ಕಾರುಗಳಿಗೂ ‘ವಿಂಟೇಜ್’ ಪಟ್ಟ ಕಟ್ಟಿತು. ಸರಕಿನ ಲಾರಿಗೆ ಆ ಪಂಕ್ತಿಯಲ್ಲಿ ಎಲೆಯನ್ನೇ ಹಾಕಲಿಲ್ಲ. ಹಾಕುವ ಕಾಲಕ್ಕೆ, ಹೇಳಿಕೊಂಡ ತೇಪೆಯನ್ನೂ ಮುಚ್ಚಿಟ್ಟ ತೇಪೆಯನ್ನೂ ಬೇರೆಬೇರೆಯಾಗಿ ಎಣಿಸಲಿ. ಇಲ್ಲವಾದರೆ ಸತ್ಯ ಹೇಳುವವನಿಗೆ ದಂಡ, ಬಣ್ಣ ಬಳಿದವನಿಗೆ ಬಹುಮಾನ ಎಂದಾದೀತು.